ಕಡತದೊಳಗಿನ ಕನ್ನಡ: ಗಣಕದಲ್ಲಿ ಪಠ್ಯಸಂಗ್ರಹದ ಚರಿತ್ರೆ

ಸರ್ಕಾರಿ ಕಚೇರಿಯ ಕಾಗದಪತ್ರಗಳ ಕಟ್ಟಿಗೂ ಗಣಕಯಂತ್ರದಲ್ಲಿ ಹೆಸರಿಟ್ಟು ಉಳಿಸುವ ದತ್ತಾಂಶಕ್ಕೂ ಇಂದು ಸಮಾನವಾಗಿ ಬಳಕೆಯಾಗುತ್ತಿರುವ ‘ಕಡತ’ ಎಂಬ ಪದಕ್ಕೆ ದೀರ್ಘವಾದ ಹಿನ್ನೆಲೆಯಿದೆ. ಹುಣಿಸೆಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಬಟ್ಟೆಗೆ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಅದರ ಕರಿಯ ಮೈಯ ಮೇಲೆ ಬಳಪದಿಂದ ಬರೆಯುತ್ತಿದ್ದ ಪುಸ್ತಕಕ್ಕೆ ಕಡತವೆಂದು ಹೆಸರಿತ್ತು. ವರ್ತಕರ ಲೆಕ್ಕಗಳು, ಮಠಗಳ ಆಯವ್ಯಯ, ದಾನದತ್ತಿಗಳ ವಿವರ ಇಂಥ ಬಟ್ಟೆಯ ಪುಸ್ತಕಗಳಲ್ಲಿ ದಾಖಲಾಗುತ್ತಿದ್ದವು. ಶೃಂಗೇರಿ ಮಠದ ಕಡತಗಳು ವಿಜಯನಗರೋತ್ತರ ಕಾಲದ ಇತಿಹಾಸಕ್ಕೆ ಆಕರಗಳಾಗಿ ವಿದ್ವಾಂಸರಿಗೆ ಚಿರಪರಿಚಿತವಾಗಿವೆ. ಕಡತದ ಬರಹವನ್ನು ಒರಸಿ ಅದೇ ಮಡಿಕೆಯ ಮೇಲೆ ಮತ್ತೆ ಬರೆಯಬಹುದಿತ್ತು. ಈ ದೃಷ್ಟಿಯಿಂದ ನೋಡಿದರೆ ಶಿಲಾಶಾಸನಕ್ಕಿಂತ ಕಡತವೇ ಗಣಕದ ಸಂಗ್ರಹಕ್ಕೆ ಹೆಚ್ಚು ಹತ್ತಿರದ ಬಂಧು. ಪಾರಿಭಾಷಿಕ ಪದಗಳನ್ನು ರೂಪಿಸಿದವರು ಈ ಪದವನ್ನು ಆಯ್ದುಕೊಂಡದ್ದು ಉಚಿತವಾಗಿಯೇ ಇದೆ.

ಒಂದು ಭಾಷೆಯ ಬರಹ ಗಣಕಕ್ಕೆ ಬಂದ ಕಥೆಯನ್ನು ಸಾಮಾನ್ಯವಾಗಿ ತಂತ್ರಾಂಶಗಳ ಬಿಡುಗಡೆಯ ಕಥೆಯಾಗಿ, ಕೀಲಿಮಣೆಗಳ ವಾದವಿವಾದದ ಕಥೆಯಾಗಿ ಹೇಳುವುದು ರೂಢಿ. ಕನ್ನಡದ ಮಟ್ಟಿಗೂ ಹಾಗೆಯೇ ಆಗಿದೆ. ಯಾರು ಮೊದಲು, ಯಾರ ವಿನ್ಯಾಸ ಯಾರದು ಎಂಬ ಪ್ರಶ್ನೆಗಳಿಗೆ ದೊರೆತಷ್ಟು ಗಮನ ಇನ್ನೊಂದು ಪ್ರಶ್ನೆಗೆ ದೊರೆತಿಲ್ಲ: ಕೀಲಿಮಣೆಯನ್ನು ಒತ್ತಿದ ಮೇಲೆ ಯಂತ್ರದೊಳಗೆ ಉಳಿದದ್ದು ಏನು? ಸುಮಾರು 1985ರಿಂದ 2010ರವರೆಗಿನ ಕಾಲು ಶತಮಾನದಲ್ಲಿ ಕನ್ನಡದಲ್ಲಿ ಅಚ್ಚಾದ ಪುಸ್ತಕ, ಪತ್ರಿಕೆ, ಸರ್ಕಾರಿ ವರದಿಗಳ ಬಹುಭಾಗ ಗಣಕದ ಮೂಲಕವೇ ಹಾದುಬಂದಿದೆ. ಆದರೆ ಆ ಕಾಲದ ಕಡತಗಳಲ್ಲಿ ಸಂಗ್ರಹವಾದದ್ದನ್ನು ಕನ್ನಡ ಪಠ್ಯವೆಂದು ಕರೆಯುವುದು ಕಷ್ಟ. ಪಠ್ಯವನ್ನು ಕಾಗದದ ಮೇಲೆ ಮೂಡಿಸಲು ಬೇಕಾದ ಆಕಾರಗಳ ಪಟ್ಟಿ ಅವುಗಳಲ್ಲಿತ್ತು. ಈ ವ್ಯತ್ಯಾಸ ಹೇಗೆ ಉಂಟಾಯಿತು, ಅದರಿಂದ ಗ್ರಂಥಾಲಯಗಳಿಗೂ ಸಂಶೋಧಕರಿಗೂ ಸಾಮಾನ್ಯ ಓದುಗರಿಗೂ ಆದ ನಷ್ಟವೇನು ಎಂಬುದು ಪ್ರಸ್ತುತ ಪ್ರಬಂಧದ ವಸ್ತು.

ಆಕಾರವನ್ನೇ ಅಕ್ಷರವೆಂದು ಭಾವಿಸುವ ಕ್ರಮ ಗಣಕದೊಡನೆ ಹುಟ್ಟಿದ್ದಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯವೂ ಇತರ ಮುದ್ರಣಾಲಯಗಳೂ ಕನ್ನಡಕ್ಕೆ ಅಚ್ಚುಮೊಳೆಗಳನ್ನು ಅಳವಡಿಸಿಕೊಂಡಾಗ ಎದುರಾದ ತೊಡಕು ಕನ್ನಡದ ಅಕ್ಷರಗಳ ಸಂಖ್ಯೆಯದು. ವರ್ಣಮಾಲೆ ಐವತ್ತರ ಆಸುಪಾಸಿನದಾದರೂ ಗುಣಿತ ಮತ್ತು ಒತ್ತಕ್ಷರಗಳು ಸೇರಿ ಬರಹದಲ್ಲಿ ಕಾಣಿಸಿಕೊಳ್ಳುವ ರೂಪಗಳು ಸಾವಿರಗಟ್ಟಲೆ. ಪ್ರತಿಯೊಂದಕ್ಕೂ ಒಂದು ಮೊಳೆ ಎರಕ ಹೊಯ್ಯುವುದು ಅಸಾಧ್ಯವಾದ್ದರಿಂದ ಅಕ್ಷರಗಳನ್ನು ತುಂಡುಗಳಾಗಿ ಒಡೆದು ಜೋಡಿಸುವ ಪದ್ಧತಿ ಬೆಳೆಯಿತು. ಬೆರಳಚ್ಚು ಯಂತ್ರ ಬಂದಾಗ ಈ ಒಡೆಯುವಿಕೆ ಇನ್ನೂ ಮುಂದುವರಿಯಿತು. ಇಂಗ್ಲಿಷಿಗಾಗಿ ರೂಪುಗೊಂಡ ನಾಲ್ಕು ಸಾಲು ಕೀಲಿಗಳಲ್ಲಿ ಅಕ್ಷರದ ಒಡಲು, ತಲೆಕಟ್ಟು, ಕೊಂಬು, ದೀರ್ಘ ಎಲ್ಲವೂ ಬೇರೆಬೇರೆ ಸ್ಥಾನಗಳನ್ನು ಪಡೆದವು. ಮೊಳೆ ಜೋಡಿಸುವವನಿಗೆ ಇದರಿಂದ ನಷ್ಟವೇನೂ ಇರಲಿಲ್ಲ. ಮುದ್ರಣ ಮುಗಿದ ಮೇಲೆ ಅಚ್ಚಿನ ಮೊಳೆಗಳನ್ನು ಬಿಡಿಸಿ ಮತ್ತೆ ತಮ್ಮ ತಮ್ಮ ಮನೆಗಳಿಗೆ ಹಾಕಲಾಗುತ್ತಿತ್ತು. ಪಠ್ಯ ಉಳಿಯುತ್ತಿದ್ದುದು ಕಾಗದದ ಮೇಲೆ ಮಾತ್ರ.

ಭಾರತೀಯ ಭಾಷೆಗಳನ್ನು ಗಣಕಕ್ಕೆ ಅಳವಡಿಸುವ ವ್ಯವಸ್ಥಿತ ಪ್ರಯತ್ನ ಕಾನ್ಪುರದ ಭಾರತೀಯ ತಂತ್ರಜ್ಞಾನ ಸಂಸ್ಥೆಯಲ್ಲಿ ನಡೆದ ಕೆಲಸದಿಂದ ಆರಂಭವಾಗಿ, 1988ರಲ್ಲಿ ಸ್ಥಾಪನೆಯಾದ ಪುಣೆಯ ಸಿ-ಡ್ಯಾಕ್ ಸಂಸ್ಥೆಯಲ್ಲಿ ಮುಂದುವರಿಯಿತು. ಅಲ್ಲಿ ರೂಪುಗೊಂಡ ಜಿಸ್ಟ್ ಕಾರ್ಡನ್ನು ಗಣಕಕ್ಕೆ ಪ್ರತ್ಯೇಕವಾಗಿ ಅಳವಡಿಸಿದರೆ ಭಾರತೀಯ ಲಿಪಿಗಳು ಪರದೆಯ ಮೇಲೆ ಮೂಡುತ್ತಿದ್ದವು. ಇದರ ಜೊತೆಗೆ ಬಂದ ‘ಇಸ್ಕಿ’ ಸಂಕೇತವ್ಯವಸ್ಥೆಯನ್ನು ಭಾರತೀಯ ಮಾನಕ ಸಂಸ್ಥೆ 1991ರಲ್ಲಿ ಅಂಗೀಕರಿಸಿತು. ಇಸ್ಕಿಯ ಹಿಂದಿದ್ದ ಕಲ್ಪನೆ ಸರಳವೂ ದೂರದೃಷ್ಟಿಯದೂ ಆಗಿತ್ತು. ಬ್ರಾಹ್ಮಿಯಿಂದ ಹುಟ್ಟಿದ ಲಿಪಿಗಳೆಲ್ಲಕ್ಕೂ ವರ್ಣಮಾಲೆ ಸಮಾನವಾಗಿರುವುದರಿಂದ ದೇವನಾಗರಿಯ ‘ಕ’ಕಾರಕ್ಕೂ ತೆಲುಗಿನ ‘ಕ’ಕಾರಕ್ಕೂ ಕನ್ನಡದ ‘ಕ’ಕಾರಕ್ಕೂ 179 ಎಂಬ ಒಂದೇ ಸಂಖ್ಯೆಯನ್ನು ಕೊಡಲಾಯಿತು. ಅಕ್ಷರ ಯಾವ ಆಕಾರದಲ್ಲಿ ಮೂಡಬೇಕು ಎಂಬುದನ್ನು ಬೇರೊಂದು ಹಂತ ನಿರ್ಧರಿಸುತ್ತಿತ್ತು. ಕಡತದಲ್ಲಿ ಉಳಿಯುತ್ತಿದ್ದುದು ವರ್ಣ.

ಇಸ್ಕಿ ನೆಲೆಯೂರದೆ ಹೋದುದಕ್ಕೆ ಅದರ ಆಂತರಿಕ ದೋಷಗಳಿಗಿಂತ ಮಾರುಕಟ್ಟೆಯ ಗತಿಯೇ ಮುಖ್ಯ ಕಾರಣವೆನ್ನಬೇಕು. 1990ರ ದಶಕದ ಆರಂಭದಲ್ಲಿ ಕನ್ನಡಕ್ಕೆ ಗಣಕವನ್ನು ತಂದವರು ಲೇಖಕರಾಗಲಿ ಗ್ರಂಥಪಾಲಕರಾಗಲಿ ಅಲ್ಲ, ಮುದ್ರಕರು. ಡಿ.ಟಿ.ಪಿ. ಎಂದು ಹೆಸರಾದ ಪುಟವಿನ್ಯಾಸದ ಕೆಲಸ ಸಣ್ಣ ಊರುಗಳಿಗೂ ಹಬ್ಬಿತು. ಪೇಜ್‌ಮೇಕರ್‌ನಂಥ ತಂತ್ರಾಂಶಗಳು ವರ್ಣಸಂಕೇತವನ್ನು ಓದಿ ಅದನ್ನು ಕನ್ನಡದ ಆಕಾರವಾಗಿ ಪರಿವರ್ತಿಸುವ ಸಾಮರ್ಥ್ಯವನ್ನು ಹೊಂದಿರಲಿಲ್ಲ. ಅವುಗಳಿಗೆ ಗೊತ್ತಿದ್ದುದು ಒಂದು ಸಂಖ್ಯೆಗೆ ಒಂದು ಆಕಾರ. ಒಂದು ಫಾಂಟಿನಲ್ಲಿ ಇದ್ದುದು 256 ಸ್ಥಾನಗಳು. ಅವುಗಳಲ್ಲಿಯೂ ಕೆಲವು ಯಂತ್ರದ ಸ್ವಂತ ಬಳಕೆಗೆ ಮೀಸಲು. ಹೀಗಾಗಿ ಬೆರಳಚ್ಚು ಯಂತ್ರದ ತುಂಡುಗಳು ಗಣಕದೊಳಗೆ ಮರುಹುಟ್ಟು ಪಡೆದವು. ಪುಣೆಯ ಮಾಡ್ಯುಲರ್ ಸಂಸ್ಥೆಯ ಶ್ರೀಲಿಪಿ, ಬೆಂಗಳೂರಿನ ಸೊನಾಟಾದ ಪ್ರಕಾಶಕ್, ಸೈಬರ್‌ಸ್ಕೇಪ್‌ನ ಆಕೃತಿ ಮುಂತಾದವು ಈ ಕಾಲದಲ್ಲಿ ಬಳಕೆಗೆ ಬಂದವು. ಸಿ-ಡ್ಯಾಕ್ ಕೂಡ ಮುದ್ರಣದ ಅಗತ್ಯಕ್ಕಾಗಿ ಆಕಾರಾಧಾರಿತ ಫಾಂಟುಗಳನ್ನೇ ಒದಗಿಸಿತು. ಒಬ್ಬೊಬ್ಬರ ತುಂಡುಗಳ ಪಟ್ಟಿ ಒಂದೊಂದು ಬಗೆ. ಒಂದರಲ್ಲಿ ಮಾಡಿದ ಕಡತ ಇನ್ನೊಂದರಲ್ಲಿ ತೆರೆದರೆ ಅರ್ಥವಿಲ್ಲದ ಗೀಟುಗಳ ಸಾಲು.

ವ್ಯಾಪಾರದ ಈ ವಲಯದ ಹೊರಗೆ ನಡೆದ ಕೆಲಸ ವಿಶೇಷವಾಗಿ ಗಮನಾರ್ಹ. ಮೊನೊಟೈಪ್ ಸಂಸ್ಥೆಯ ಅನುಭವವಿದ್ದ ಕೆ.ಪಿ. ರಾವ್ ಅವರು ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ಹೆಸರಿನಲ್ಲಿ ‘ಸೇಡಿಯಾಪು’ ಎಂಬ ತಂತ್ರಾಂಶವನ್ನು ರೂಪಿಸಿದರು. ಅವರ ಕೀಲಿಮಣೆಯ ವಿನ್ಯಾಸ ಇಂಗ್ಲಿಷ್ ಅಕ್ಷರಗಳ ಉಚ್ಚಾರಣೆಯನ್ನು ಅನುಸರಿಸುತ್ತದೆ. ಅಲ್ಪಪ್ರಾಣಕ್ಕೆ ಒಂದು ಕೀಲಿಯಾದರೆ ಮಹಾಪ್ರಾಣಕ್ಕೆ ಅದೇ ಕೀಲಿಯ ಮೇಲಿನ ರೂಪ. ವ್ಯಂಜನದ ನಂತರ ಸ್ವರವನ್ನು ಒತ್ತಿದರೆ ಗುಣಿತ. ಎರಡು ವ್ಯಂಜನಗಳ ನಡುವೆ ಕೊಂಡಿಯ ಕೀಲಿಯನ್ನು ಒತ್ತಿದರೆ ಒತ್ತಕ್ಷರ. ಬೆರಳಚ್ಚು ಕಲಿಯದವರೂ ಕೆಲವೇ ದಿನಗಳಲ್ಲಿ ಕನ್ನಡ ಬರೆಯಬಲ್ಲವರಾದರು. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ಬಂದಿತು. ಕನ್ನಡ ಗಣಕ ಪರಿಷತ್ತು ರೂಪಿಸಿದ ತಂತ್ರಾಂಶ ‘ನುಡಿ’ ಎಂಬ ಹೆಸರಿನಿಂದ ಕರ್ನಾಟಕ ಸರ್ಕಾರದ ಕಚೇರಿಗಳಲ್ಲಿ ನೆಲೆಗೊಂಡಿತು, ಕೆ.ಪಿ. ರಾವ್ ಅವರ ವಿನ್ಯಾಸವೇ ಅಲ್ಪಸ್ವಲ್ಪ ಬದಲಾವಣೆಗಳೊಂದಿಗೆ ಸರ್ಕಾರದ ಮಾನಕ ಕೀಲಿಮಣೆಯಾಯಿತು. ಪೂರ್ಣಚಂದ್ರ ತೇಜಸ್ವಿಯವರಂಥ (1938–2007) ಸಾಹಿತಿಗಳು ಕನ್ನಡ ತಂತ್ರಾಂಶದ ಪ್ರಶ್ನೆಯನ್ನು ಭಾಷೆಯ ಅಳಿವು ಉಳಿವಿನ ಪ್ರಶ್ನೆಯಾಗಿ ಸಾರ್ವಜನಿಕ ಚರ್ಚೆಗೆ ತಂದದ್ದೂ ಈ ಅವಧಿಯಲ್ಲಿಯೇ.

ಇಲ್ಲಿ ಒಂದು ವೈಚಿತ್ರ್ಯವನ್ನು ಗಮನಿಸಬೇಕು. ಕೀಲಿಮಣೆ ವರ್ಣಕ್ರಮವನ್ನು ಅನುಸರಿಸಿತು. ಬರೆಯುವವನ ಕೈ ‘ಕ’, ‘ನ’, ಕೊಂಡಿ, ‘ನ’, ‘ಡ’ ಎಂದೇ ಒತ್ತಿತು. ಕಡತದಲ್ಲಿ ಉಳಿದದ್ದು ಮಾತ್ರ ಬೇರೆ. ನುಡಿಯ ಹಳೆಯ ರೂಪದಲ್ಲಿ ‘ಕನ್ನಡ’ ಎಂಬ ಪದ 80, 192, 163, 192, 223, 113, 192 ಎಂಬ ಏಳು ಸಂಖ್ಯೆಗಳಾಗಿ ಸಂಗ್ರಹವಾಗುತ್ತದೆ. ಇವುಗಳಲ್ಲಿ 80 ‘ಕ’ಕಾರದ ಒಡಲು, 192 ತಲೆಕಟ್ಟು, 163 ‘ನ’ಕಾರದ ಒಡಲು, 223 ‘ನ’ಕಾರದ ಒತ್ತು, 113 ‘ಡ’ಕಾರದ ಒಡಲು. ಆ ಫಾಂಟ್ ಇಲ್ಲದ ಯಂತ್ರದಲ್ಲಿ ಇದೇ ಕಡತವನ್ನು ತೆರೆದರೆ ಮೊದಲಿಗೆ ಇಂಗ್ಲಿಷಿನ ದೊಡ್ಡಕ್ಷರ ‘ಪಿ’, ನಂತರ ತಲೆಯ ಮೇಲೆ ಗೀಟಿರುವ ಐರೋಪ್ಯ ‘ಎ’, ನಡುವೆ ಇಂಗ್ಲೆಂಡಿನ ಪೌಂಡಿನ ಚಿಹ್ನೆ, ಕೊನೆಯ ಕಡೆಗೆ ಜರ್ಮನ್ ಭಾಷೆಯದೊಂದು ಅಕ್ಷರ ಕಾಣಿಸಿಕೊಳ್ಳುತ್ತವೆ. ಯಂತ್ರದ ದೃಷ್ಟಿಯಲ್ಲಿ ಆ ಕಡತದೊಳಗೆ ಕನ್ನಡವೆಂಬುದೇ ಇಲ್ಲ. ಕನ್ನಡವಿದ್ದುದು ಫಾಂಟಿನಲ್ಲಿ.

ಇದರ ಪರಿಣಾಮ ತೋರಿಕೆಗಷ್ಟೇ ಸೀಮಿತವಾಗಿದ್ದರೆ ಉಪೇಕ್ಷಿಸಬಹುದಿತ್ತು. ‘ಮ’ ಎಂಬ ಅಕ್ಷರವನ್ನು ತೆಗೆದುಕೊಳ್ಳಬಹುದು. ಕನ್ನಡ ಲಿಪಿಯಲ್ಲಿ ‘ಮ’ ಮತ್ತು ‘ವು’ ಆಕಾರದಲ್ಲಿ ತೀರ ಹತ್ತಿರದವು. ತುಂಡುಗಳನ್ನು ಉಳಿತಾಯ ಮಾಡುವ ಸಲುವಾಗಿ ಆಕಾರಾಧಾರಿತ ವ್ಯವಸ್ಥೆ ‘ಮ’ಕಾರಕ್ಕೆ ಸ್ವತಂತ್ರ ಸ್ಥಾನವನ್ನೇ ಕೊಡಲಿಲ್ಲ; ‘ವ’ಕಾರದ ಒಡಲು 170, ತಲೆಕಟ್ಟು 192, ಉಕಾರದ ಕೊಂಬು 196 ಇವು ಸೇರಿದರೆ ‘ಮ’. ಕೊಂಬಿನ ಇನ್ನೊಂದು ರೂಪವಾದ 197 ಸೇರಿದರೆ ‘ವು’. ಹೀಗಾಗಿ ಕಡತದಲ್ಲಿ ‘ವ’ ಎಂದು ಹುಡುಕಿದರೆ ‘ಮ’ಕಾರಗಳೆಲ್ಲವೂ ಎದುರಾಗುತ್ತವೆ; ಸಂಖ್ಯೆಯ ಕ್ರಮದಲ್ಲಿ ಪದಗಳನ್ನು ಜೋಡಿಸಿದರೆ ‘ಮರ’ವು ‘ವರ’ದ ಪಕ್ಕದಲ್ಲಿ ಕುಳಿತುಕೊಳ್ಳುತ್ತದೆ. ಅರ್ಕಾವತ್ತಿನ ಸಮಸ್ಯೆ ಇನ್ನೂ ಜಟಿಲ. ‘ಕರ್ನಾಟಕ’ ಎಂಬಲ್ಲಿ ರೇಫವನ್ನು ಮೊದಲು ಉಚ್ಚರಿಸಿದರೂ ಬರಹದಲ್ಲಿ ಅದರ ಚಿಹ್ನೆ ‘ನಾ’ದ ನಂತರ ಬರುತ್ತದೆ. ಆಕಾರಗಳ ಕಡತ ಕಣ್ಣನ್ನು ಅನುಸರಿಸುವುದರಿಂದ ಅಲ್ಲಿ ‘ಕ’, ‘ನಾ’, ಅರ್ಕಾವತ್ತು, ‘ಟ’, ‘ಕ’ ಎಂಬ ಕ್ರಮವಿರುತ್ತದೆ. ಅಕಾರಾದಿಯಲ್ಲಿ ‘ಕರ್’ ಎಂಬಲ್ಲಿ ಇರಬೇಕಾದ ನಾಡಿನ ಹೆಸರು ‘ಕನಾ’ ಎಂಬ ಪದಗಳ ಗುಂಪಿಗೆ ಸೇರುತ್ತದೆ.

ಪದಸೂಚಿ, ನಿಘಂಟು, ಪ್ರಯೋಗಕೋಶಗಳ ಮಹತ್ತ್ವವನ್ನು ಬಲ್ಲ ಕನ್ನಡ ವಿದ್ವತ್ತಿಗೆ ಇದು ಸಣ್ಣ ತೊಂದರೆಯಲ್ಲ. 1894ರ ಕಿಟ್ಟೆಲ್ ನಿಘಂಟಾಗಲಿ 1970ರಿಂದ 1995ರವರೆಗೆ ಎಂಟು ಸಂಪುಟಗಳಲ್ಲಿ ಹೊರಬಂದ ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟಾಗಲಿ ಕೈಬರಹದ ಟಿಪ್ಪಣಿಗಳನ್ನು ವಿಂಗಡಿಸಿ ಮಾಡಿದ ಅಪಾರ ಶ್ರಮದ ಫಲ. ಆ ಶ್ರಮವನ್ನು ಹಗುರಗೊಳಿಸುವುದೇ ಗಣಕದ ಮೊದಲ ಪ್ರಯೋಜನವಾಗಬೇಕಿತ್ತು. ತಂತ್ರಾಂಶಗಳನ್ನು ರೂಪಿಸಿದವರಿಗೆ ಈ ಕೊರತೆ ತಿಳಿಯದೆ ಇರಲಿಲ್ಲ. ನುಡಿಯಲ್ಲಿ ಕನ್ನಡದ ಅಕಾರಾದಿ ವಿಂಗಡಣೆಗೆ ಪ್ರತ್ಯೇಕ ಸೌಲಭ್ಯವನ್ನು ಕೊಡಲಾಗಿತ್ತು. ಆದರೆ ಅಂಥ ಸೌಲಭ್ಯ ಆ ತಂತ್ರಾಂಶದ ಆವರಣದೊಳಗೆ ಮಾತ್ರ ಕೆಲಸ ಮಾಡಬಲ್ಲದು. ಆವರಣದಿಂದ ಹೊರಬಂದ ಕೂಡಲೇ ಕಡತ ಮತ್ತೆ ಆಕಾರಗಳ ಪಟ್ಟಿ. ಸರ್ಕಾರ ಫಾಂಟಿನ ಸಂಕೇತಗಳಿಗೂ ಒಂದು ಮಾನಕವನ್ನು ವಿಧಿಸಿದ್ದರಿಂದ ಒಂದು ತಂತ್ರಾಂಶದ ಕಡತ ಇನ್ನೊಂದರಲ್ಲಿ ತೆರೆಯುವಂತಾಯಿತು ಎಂಬುದು ನಿಜ, ಮತ್ತು ಅದು ಆ ಕಾಲಕ್ಕೆ ದೊಡ್ಡ ಉಪಕಾರವೇ. ಆದರೂ ಮಾನಕಗೊಂಡದ್ದು ತುಂಡುಗಳ ಪಟ್ಟಿಯೇ ಹೊರತು ವರ್ಣಗಳ ಪಟ್ಟಿಯಲ್ಲ.

ಇದೇ ಕಾಲದಲ್ಲಿ ಆಡಳಿತದ ಒಂದು ಶಾಖೆಗೆ ತೋರಿಕೆಯಿಂದ ತೃಪ್ತಿಪಡುವ ಅವಕಾಶವಿರಲಿಲ್ಲ ಎಂಬುದನ್ನು ನೆನೆಯಬಹುದು. ಕಂದಾಯ ಇಲಾಖೆಯ ‘ಭೂಮಿ’ ಯೋಜನೆಯಲ್ಲಿ ಸುಮಾರು 67 ಲಕ್ಷ ಹಿಡುವಳಿದಾರರಿಗೆ ಸಂಬಂಧಿಸಿದ ಸುಮಾರು 2 ಕೋಟಿ ಪಹಣಿಗಳನ್ನು 2002ರ ಹೊತ್ತಿಗೆ ಗಣಕಕ್ಕೆ ಏರಿಸಲಾಯಿತು. ತಾಲ್ಲೂಕು ಕಚೇರಿಯ ಗವಾಕ್ಷಿಯಲ್ಲಿ 15 ರೂಪಾಯಿಗೆ ಪ್ರತಿ ದೊರೆಯತೊಡಗಿತು. ಕೈಬರಹದ ಪಹಣಿಗೆ ಮಾನ್ಯತೆ ತಪ್ಪಿತು. ಪಹಣಿ ಅಂದವಾಗಿ ಮುದ್ರಿತವಾದರೆ ಸಾಲದು. ಸರ್ವೆ ನಂಬರಿನಿಂದ, ಹೆಸರಿನಿಂದ ಅದನ್ನು ಹುಡುಕಿ ತೆಗೆಯಬೇಕು, ಹಕ್ಕು ಬದಲಾವಣೆಯ ಸರದಿಯನ್ನು ಕಾಯ್ದುಕೊಳ್ಳಬೇಕು. ಹೆಸರಿನ ಒಂದು ಒತ್ತಕ್ಷರ ತಪ್ಪಾಗಿ ದಾಖಲಾದರೆ ರೈತ ಅದರ ತಿದ್ದುಪಡಿಗಾಗಿ ಅರ್ಜಿ ಹಿಡಿದು ಅಲೆಯಬೇಕಾಗುತ್ತದೆ. ಗ್ರಾಮಲೆಕ್ಕಿಗರ ಕೈಯಲ್ಲಿದ್ದ ದಾಖಲೆಯ ಅಧಿಕಾರ ತಾಲ್ಲೂಕು ಕೇಂದ್ರಕ್ಕೆ ಸರಿದದ್ದನ್ನು ಭ್ರಷ್ಟತೆಯ ನಿವಾರಣೆಯೆಂದು ಬಹಳ ಜನ ಸ್ವಾಗತಿಸಿದರು. 2007ರಲ್ಲಿ ಸಾಲೊಮನ್ ಬೆಂಜಮಿನ್ ಮತ್ತು ಸಂಗಡಿಗರ ಅಧ್ಯಯನ, ಈ ಕೇಂದ್ರೀಕರಣ ಬೆಂಗಳೂರಿನ ಸುತ್ತಮುತ್ತ ದೊಡ್ಡ ಭೂವ್ಯವಹಾರಸ್ಥರಿಗೆ ಅನುಕೂಲವಾಯಿತೆಂಬ ಭಿನ್ನ ವಾದವನ್ನು ಮುಂದಿಟ್ಟಿತು. ಎರಡರಲ್ಲಿ ಯಾವುದನ್ನು ಒಪ್ಪಿದರೂ ದಾಖಲೆಯ ರೂಪ ಬದಲಾದಾಗ ದಾಖಲೆಯ ಒಡೆತನವೂ ಕದಲುತ್ತದೆ ಎಂಬುದು ಸ್ಪಷ್ಟ.

ಅಂತರರಾಷ್ಟ್ರೀಯ ಯೂನಿಕೋಡ್ ಮಾನಕದಲ್ಲಿ ಕನ್ನಡಕ್ಕೆ 1991ರ ಮೊದಲ ಆವೃತ್ತಿಯಲ್ಲಿಯೇ 128 ಸ್ಥಾನಗಳ ಒಂದು ವಿಭಾಗ ದೊರೆತಿತ್ತು. ಅದರ ಅಡಿಪಾಯ ಇಸ್ಕಿಯ 1988ರ ಕರಡು. ಅಂದರೆ ಮಾರುಕಟ್ಟೆಯಲ್ಲಿ ಸೋತ ಇಸ್ಕಿಯ ತತ್ತ್ವ ಯೂನಿಕೋಡಿನೊಳಗೆ ಬದುಕಿ ಉಳಿಯಿತು. ಇಲ್ಲಿ ‘ಕನ್ನಡ’ ಎಂಬ ಪದ 3221, 3240, 3277, 3240, 3233 ಎಂಬ ಐದು ಸಂಖ್ಯೆಗಳು. ಕ, ನ, ವಿರಾಮ, ನ, ಡ. ತಲೆಕಟ್ಟಿಗೆ ಸಂಖ್ಯೆಯಿಲ್ಲ, ಒತ್ತಿಗೆ ಬೇರೆ ಸಂಖ್ಯೆಯಿಲ್ಲ. ಆದರೆ ಮಾನಕದಲ್ಲಿ ಸ್ಥಾನ ದೊರೆತ ಮಾತ್ರಕ್ಕೆ ಮೇಜಿನ ಮೇಲಿನ ಯಂತ್ರದಲ್ಲಿ ಅಕ್ಷರ ಮೂಡುವುದಿಲ್ಲ. ಮೈಕ್ರೋಸಾಫ್ಟಿನ ವಿಂಡೋಸ್ ಎಕ್ಸ್‌ಪಿ 2001ರಲ್ಲಿ ‘ತುಂಗಾ’ ಎಂಬ ಫಾಂಟಿನೊಂದಿಗೆ ಬಂದಾಗಲೇ ಸಾಮಾನ್ಯ ಬಳಕೆದಾರನಿಗೆ ಯೂನಿಕೋಡ್ ಕನ್ನಡ ಎಟುಕಿದ್ದು. ಹತ್ತು ವರ್ಷಗಳ ಈ ಅಂತರದಲ್ಲಿಯೇ ಆಕಾರಾಧಾರಿತ ವ್ಯವಸ್ಥೆ ಕಚೇರಿ ಕಚೇರಿಗಳಲ್ಲಿ ಬೇರುಬಿಟ್ಟಿತ್ತು. 1996ರಲ್ಲಿ ಆರಂಭವಾದ ‘ವಿಶ್ವಕನ್ನಡ’ ಮೊದಲಾದ ಜಾಲಪತ್ರಿಕೆಗಳ ಕಾಲದಲ್ಲಿ ಓದುಗ ಫಾಂಟನ್ನು ಇಳಿಸಿಕೊಂಡು ಓದಬೇಕಾಗಿತ್ತು. 2003ರಲ್ಲಿ ಹುಟ್ಟಿದ ಕನ್ನಡ ವಿಕಿಪೀಡಿಯ ಯೂನಿಕೋಡಿನಲ್ಲಿಯೇ ಬೆಳೆಯಿತು.

ಯೂನಿಕೋಡಿನ ಬಗೆಗೆ ಕನ್ನಡದಲ್ಲಿ ಎದ್ದ ಆಕ್ಷೇಪಗಳಲ್ಲಿ ಕೆಲವು ತೂಕದವು, ಕೆಲವು ಅಲ್ಲ. ಭಾರತೀಯ ಲಿಪಿಗಳಿಗೆಲ್ಲ ಒಂದೇ ಚೌಕಟ್ಟನ್ನು ಅನ್ವಯಿಸಿದ್ದರಿಂದ ‘ಳ’ಕಾರ ‘ಲ’ಕಾರದ ಬೆನ್ನಿಗೇ ಬಂದು, ಕನ್ನಡದ ರೂಢಿಯಂತೆ ‘ಹ’ಕಾರದ ನಂತರ ಬರಬೇಕಾದ ಸ್ಥಾನವನ್ನು ಕಳೆದುಕೊಂಡಿತು; ವಿಂಗಡಣೆಯ ನಿಯಮಗಳನ್ನು ಪ್ರತ್ಯೇಕವಾಗಿ ನಿರೂಪಿಸಿಯೇ ಇದನ್ನು ಸರಿಪಡಿಸಬೇಕು. ಹಳಗನ್ನಡದ ‘ೞ’ಕಾರಕ್ಕೆ ಆ ಪಟ್ಟಿಯಲ್ಲಿ ‘ಫ’ ಎಂಬ ಧ್ವನಿಯ ಹೆಸರು ಅಂಟಿಕೊಂಡದ್ದು ಇನ್ನೂ ವಿಚಿತ್ರವಾದ ಪ್ರಮಾದ. ಪಂಪ ರನ್ನರನ್ನು ಓದಿದ ಯಾವ ವಿದ್ಯಾರ್ಥಿಯೂ ಇಂಥ ತಪ್ಪನ್ನು ಮಾಡಲಾರ. ಒಮ್ಮೆ ಕೊಟ್ಟ ಹೆಸರನ್ನು ಬದಲಾಯಿಸುವಂತಿಲ್ಲ ಎಂಬುದು ಯೂನಿಕೋಡ್ ಒಕ್ಕೂಟದ ಸ್ಥಿರತಾನಿಯಮವಾದ್ದರಿಂದ ತಪ್ಪು ಹೆಸರು ಹಾಗೆಯೇ ಉಳಿದು, ತಿದ್ದುಪಡಿಯ ಪರ್ಯಾಯನಾಮವೊಂದನ್ನು ಜೊತೆಗೆ ಸೇರಿಸಲಾಗಿದೆ. ಅವಗ್ರಹವೂ ನುಕ್ತವೂ 2003ರ ನಾಲ್ಕನೆಯ ಆವೃತ್ತಿಯವರೆಗೆ ಕಾಯಬೇಕಾಯಿತು.

ತೂಕವಿಲ್ಲದ ಆಕ್ಷೇಪವೆಂದರೆ ಸ್ಥಳದ್ದು. ಯೂನಿಕೋಡಿನ ಪ್ರಚಲಿತ ರೂಪವಾದ ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೆ 3 ಬೈಟುಗಳು ಬೇಕಾಗುವುದರಿಂದ ‘ಕನ್ನಡ’ ಎಂಬ ಪದ 15 ಬೈಟುಗಳನ್ನು ತೆಗೆದುಕೊಳ್ಳುತ್ತದೆ; ಇಸ್ಕಿಯಲ್ಲಿ 5, ನುಡಿಯ ಹಳೆಯ ರೂಪದಲ್ಲಿ 7. ಲೆಕ್ಕ ಸರಿಯೇ. ಆದರೆ 300 ಪುಟಗಳ ಒಂದು ಗ್ರಂಥಕ್ಕೆ, ಪುಟಕ್ಕೆ 1500 ಸಂಕೇತಗಳೆಂದು ಹಿಡಿದರೆ, ಬೇಕಾಗುವುದು 13 ಲಕ್ಷ 50 ಸಾವಿರ ಬೈಟುಗಳು. 1990ರ ದಶಕದ ಸಾಮಾನ್ಯ ಮೂರೂವರೆ ಅಂಗುಲದ ಫ್ಲಾಪಿಯ ಸಾಮರ್ಥ್ಯ 14 ಲಕ್ಷ 74 ಸಾವಿರ ಬೈಟುಗಳಿಗೂ ಮಿಗಿಲು. ಒಂದು ಗ್ರಂಥ ಒಂದು ಫ್ಲಾಪಿಯಲ್ಲಿ ಅಡಗುತ್ತಿತ್ತು. ಹತ್ತು ರೂಪಾಯಿಯ ಉಳಿತಾಯಕ್ಕೆ ಪಠ್ಯದ ಮುಂದಿನ ಬಾಳನ್ನು ಒತ್ತೆಯಿಡುವುದು ವಿವೇಕವಾಗಿರಲಿಲ್ಲ.

ಮುದ್ರಣಾಲಯಗಳು ಯೂನಿಕೋಡಿಗೆ ಬರಲು ತಡವಾದದ್ದಕ್ಕೆ ಮಾತ್ರ ಸಕಾರಣವಿತ್ತು. ಪೇಜ್‌ಮೇಕರ್‌ನ ಕೊನೆಯ ಆವೃತ್ತಿ 2001ರದು. ಅದಕ್ಕೆ ಯೂನಿಕೋಡ್ ಕನ್ನಡ ಎಂದೂ ಅರ್ಥವಾಗಲಿಲ್ಲ. ಅದರ ಸ್ಥಾನಕ್ಕೆ ಬಂದ ಇನ್‌ಡಿಸೈನ್ ತಂತ್ರಾಂಶ ಕನ್ನಡವೂ ಸೇರಿದಂತೆ ಭಾರತೀಯ ಲಿಪಿಗಳನ್ನು ಸರಿಯಾಗಿ ಜೋಡಿಸಲು ಕಲಿತದ್ದು 2012ರ ಆವೃತ್ತಿಯಲ್ಲಿ. ಅಷ್ಟರಲ್ಲಿ ಡಿ.ಟಿ.ಪಿ. ಕೆಲಸಗಾರರ ಒಂದು ಇಡೀ ತಲೆಮಾರು ಹಳೆಯ ಫಾಂಟುಗಳಲ್ಲಿ ನುರಿತಿತ್ತು. ಹೊಸದನ್ನು ಕಲಿಯಲು ಬೇಕಾದ ವೇಳೆಯನ್ನೂ ವೆಚ್ಚವನ್ನೂ ಯಾವ ಪ್ರಕಾಶಕನೂ ಅವರಿಗೆ ಕೊಡಲಿಲ್ಲ. ಯೂನಿಕೋಡಿನ ಪರವಾಗಿ ನಡೆದ ವಾದಗಳಲ್ಲಿ ಈ ಕೆಲಸಗಾರರ ಕಷ್ಟದ ಪ್ರಸ್ತಾಪ ವಿರಳ. ಚಿದಾನಂದ ಗೌಡ ಅವರ ಅಧ್ಯಕ್ಷತೆಯ ತಂತ್ರಾಂಶ ಅಭಿವೃದ್ಧಿ ಸಮಿತಿಯ ಕೆಲಸದ ಫಲವಾಗಿ 2010ರ ದಶಕದಲ್ಲಿ ರಾಜ್ಯ ಸರ್ಕಾರವೂ ಯೂನಿಕೋಡಿನ ಕಡೆಗೆ ಹೊರಳಿ, ಯೂನಿಕೋಡ್ ಫಾಂಟುಗಳನ್ನೂ ಪರಿವರ್ತಕಗಳನ್ನೂ ಒದಗಿಸಿತು.

ಹಿಂದಿನ ಕಡತಗಳ ಗತಿ ಏನು ಎಂಬ ಪ್ರಶ್ನೆ ಉಳಿದೇ ಇದೆ. ಆಕಾರಗಳ ಪಟ್ಟಿಯನ್ನು ವರ್ಣಗಳಾಗಿ ಮಾರ್ಪಡಿಸುವ ಪರಿವರ್ತಕಗಳು ಬಹುಮಟ್ಟಿಗೆ ಯಶಸ್ವಿಯಾಗಿವೆ. ಅರ್ಕಾವತ್ತನ್ನು ಹಿಂದಕ್ಕೆ ಸರಿಸುವುದು, ‘ವ’ ಮತ್ತು ಕೊಂಬನ್ನು ಸೇರಿಸಿ ‘ಮ’ ಮಾಡುವುದು ಅವುಗಳಿಗೆ ಸಾಧ್ಯ. ಆದರೆ ಕನ್ನಡ ವಾಕ್ಯದ ನಡುವೆ ಇಂಗ್ಲಿಷ್ ಪದವಿದ್ದಾಗ ತೊಡಕು ಕಾಣಿಸಿಕೊಳ್ಳುತ್ತದೆ. 80 ಎಂಬ ಸಂಖ್ಯೆ ‘ಕ’ಕಾರದ ಒಡಲೂ ಹೌದು, ಇಂಗ್ಲಿಷಿನ ‘ಪಿ’ಯೂ ಹೌದು. ಯಾವುದೆಂದು ತಿಳಿಸುವುದು ಫಾಂಟಿನ ಹೆಸರು ಮಾತ್ರ. ಕಡತದಿಂದ ಬರಿಯ ಪಠ್ಯವನ್ನು ಬೇರ್ಪಡಿಸಿದಾಗ ಮೊದಲು ಕಳೆದುಹೋಗುವುದೂ ಅದೇ. ಸಂಶೋಧನ ಪ್ರಬಂಧಗಳ ಅಡಿಟಿಪ್ಪಣಿಗಳಲ್ಲಿ ಇಂಗ್ಲಿಷ್ ಗ್ರಂಥಗಳ ಹೆಸರುಗಳು ಪರಿವರ್ತನೆಯ ನಂತರ ಅರ್ಥಹೀನ ಕನ್ನಡ ಅಕ್ಷರಗಳಾಗಿ ಉಳಿಯುವುದು ಈ ಕಾರಣದಿಂದ.

ಪರಿವರ್ತನೆಯಿಂದ ಏನು ಸಾಧ್ಯ ಎಂಬುದಕ್ಕೆ ವಚನ ಸಾಹಿತ್ಯ ಒಳ್ಳೆಯ ನಿದರ್ಶನ. ಕನ್ನಡ ಮತ್ತು ಸಂಸ್ಕೃತಿ ಇಲಾಖೆ 1993ರಲ್ಲಿ ಹೊರತಂದ ಸಮಗ್ರ ವಚನ ಸಂಪುಟಗಳ ಇಪ್ಪತ್ತು ಸಾವಿರಕ್ಕೂ ಹೆಚ್ಚು ವಚನಗಳನ್ನು ಹಳೆಯ ಸಂಕೇತದಿಂದ ಯೂನಿಕೋಡಿಗೆ ತಂದು, ‘ವಚನ ಸಂಚಯ’ ಎಂಬ ಹೆಸರಿನಲ್ಲಿ ಪದಾನುಕ್ರಮದೊಂದಿಗೆ ಜಾಲದಲ್ಲಿ ಒದಗಿಸಿದವರು ಓ.ಎಲ್. ನಾಗಭೂಷಣ ಸ್ವಾಮಿ, ವಸುಧೇಂದ್ರ ಮತ್ತು ಕೆಲವು ತಂತ್ರಜ್ಞ ಸಂಗಡಿಗರು. ಒಂದು ಪದ ಯಾವ ಯಾವ ವಚನಕಾರರಲ್ಲಿ ಎಷ್ಟು ಬಾರಿ ಬಂದಿದೆ ಎಂಬುದನ್ನು ಈಗ ಕ್ಷಣಮಾತ್ರದಲ್ಲಿ ತಿಳಿಯಬಹುದು. ಇದು ಯಾವ ಸಂಸ್ಥೆಯ ದೊಡ್ಡ ಅನುದಾನದಿಂದಲೂ ಆದ ಕೆಲಸವಲ್ಲ ಎಂಬುದು ಗಮನಾರ್ಹ.

ಆಕಾರಗಳ ಕಡತದಿಂದ ಅತಿ ಹೆಚ್ಚು ನೊಂದವರು ಕಣ್ಣು ಕಾಣದ ಓದುಗರು. ಪರದೆಯ ಬರಹವನ್ನು ಧ್ವನಿಯಾಗಿಸುವ ಉಚಿತ ತಂತ್ರಾಂಶಗಳು ಯೂನಿಕೋಡ್ ಕನ್ನಡವನ್ನು ಓದಬಲ್ಲವು. ಹಳೆಯ ಫಾಂಟಿನಲ್ಲಿ ಸಿದ್ಧಪಡಿಸಿದ ಪಿ.ಡಿ.ಎಫ್. ಆದೇಶವನ್ನೋ ಪಠ್ಯಪುಸ್ತಕವನ್ನೋ ಅವುಗಳಿಗೆ ಒಡ್ಡಿದರೆ ಕೇಳಿಬರುವುದು ಐರೋಪ್ಯ ಅಕ್ಷರಗಳ ಗೊಂದಲ. 2005ರ ಮಾಹಿತಿ ಹಕ್ಕು ಅಧಿನಿಯಮ ದಾಖಲೆಯನ್ನು ಕೇಳುವ ಹಕ್ಕನ್ನು ಕೊಟ್ಟಿದೆ. 2016ರ ಅಂಗವಿಕಲರ ಹಕ್ಕುಗಳ ಅಧಿನಿಯಮ ಎಟುಕುವ ರೂಪದಲ್ಲಿ ಮಾಹಿತಿ ಇರಬೇಕೆನ್ನುತ್ತದೆ. ಆಕಾರಗಳ ಕಡತ ಎರಡನ್ನೂ ಮೌನವಾಗಿ ಉಲ್ಲಂಘಿಸುತ್ತದೆ. ನೋಡುವ ಕಣ್ಣಿಗೆ ಅದರಲ್ಲಿ ಯಾವ ದೋಷವೂ ಕಾಣದಿರುವುದರಿಂದ ದೂರುವವರೂ ಕಡಿಮೆ.

ಸಂಕೇತದ ಪ್ರಶ್ನೆಯ ಹಿಂದೆಯೇ ಮಾಧ್ಯಮದ ಪ್ರಶ್ನೆಯಿದೆ. ಓಲೆಗರಿ ಕೆಲವು ಶತಮಾನ ಬಾಳುತ್ತದೆ. ಹುಳು ತೇವಗಳಿಂದ ಅಷ್ಟರೊಳಗೆ ಹಾಳಾಗುವುದೂ ಉಂಟು. ಆದ್ದರಿಂದಲೇ ಪ್ರತಿ ಮಾಡಿಸುವುದು ಪುಣ್ಯಕಾರ್ಯವೆಂಬ ಭಾವನೆ ಬೆಳೆಯಿತು. ಮೂಡುಬಿದಿರೆಯ ಧವಲಾ ಗ್ರಂಥಗಳು ಹನ್ನೆರಡನೆಯ ಶತಮಾನದ ಓಲೆಗಳಿಂದ ಆಧುನಿಕ ಮುದ್ರಣಕ್ಕೆ ಬಂದದ್ದು ನಡುವೆ ಪ್ರತಿ ಮಾಡಿದವರ ಕೈಗಳಿಂದ. ಫ್ಲಾಪಿಯ ಆಯುಸ್ಸು ಓಲೆಯ ಆಯುಸ್ಸಿನ ಹತ್ತರಲ್ಲೊಂದು ಪಾಲೂ ಅಲ್ಲ. ಸೋನಿ ಸಂಸ್ಥೆ 2011ರಲ್ಲಿ ಅದರ ಮಾರಾಟವನ್ನೇ ನಿಲ್ಲಿಸಿತು. ಓದುವ ಯಂತ್ರವಿಲ್ಲದಿದ್ದರೆ ಹಾಳಾಗದ ಫ್ಲಾಪಿಯೂ ನಿರುಪಯುಕ್ತ. ಸಿ.ಡಿ.ಗಳ ಸ್ಥಿತಿ ಇದಕ್ಕಿಂತ ಬಹಳ ಭಿನ್ನವಲ್ಲ. ಪುಸ್ತಕದ ಹಿಂಬದಿಯ ಚೀಲದಲ್ಲಿ ಸಿ.ಡಿ. ಇಟ್ಟು ಕೊಟ್ಟ ಪ್ರಕಟಣೆಗಳು ಗ್ರಂಥಾಲಯಗಳಲ್ಲಿವೆ. ಪುಸ್ತಕಕ್ಕೆ ಪರಿಗ್ರಹಣ ಸಂಖ್ಯೆಯಿದೆ, ಚೀಲದಲ್ಲಿರುವುದಕ್ಕೆ ಪ್ರತಿ ಮಾಡುವವರಿಲ್ಲ.

ದೊಡ್ಡ ಸಂಗ್ರಹಗಳೂ ಇದಕ್ಕೆ ಹೊರತಲ್ಲ. ಭಾರತೀಯ ವಿಜ್ಞಾನ ಸಂಸ್ಥೆ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಸಹಯೋಗದಲ್ಲಿ 2000ರ ದಶಕದ ಆರಂಭದಲ್ಲಿ ಕೈಗೊಂಡ ‘ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ’ ಲಕ್ಷಾಂತರ ಗ್ರಂಥಗಳ ಪುಟಗಳನ್ನು ಚಿತ್ರಗಳಾಗಿ ಸಂಗ್ರಹಿಸಿತು. ಅಲಭ್ಯವಾಗಿದ್ದ ಎಷ್ಟೋ ಕನ್ನಡ ಗ್ರಂಥಗಳು ಇದರಿಂದ ದೊರೆಯುವಂತಾದವು. ಆದರೆ ಕನ್ನಡ ಗ್ರಂಥಗಳ ಹೆಸರುಗಳನ್ನು ರೋಮನ್ ಲಿಪಿಯಲ್ಲಿ, ಯಾವ ಲಿಪ್ಯಂತರ ನಿಯಮವನ್ನೂ ಪಾಲಿಸದೆ ದಾಖಲಿಸಿದ್ದರಿಂದ ಇದ್ದ ಗ್ರಂಥವೂ ಹುಡುಕಿದರೆ ಸಿಗದಂತಾಯಿತು. 2017ರ ಹೊತ್ತಿಗೆ ಅದರ ಜಾಲತಾಣಗಳೇ ಸಾರ್ವಜನಿಕರಿಗೆ ಮುಚ್ಚಿಹೋದವು. ಅದಕ್ಕೆ ಮುನ್ನ ಹೊರಗಿನವರು ನಾಲ್ಕು ಲಕ್ಷಕ್ಕೂ ಹೆಚ್ಚು ಗ್ರಂಥಗಳ ಪ್ರತಿಯನ್ನು ಇಂಟರ್‌ನೆಟ್ ಆರ್ಕೈವ್‌ಗೆ ಸೇರಿಸಿದ್ದರಿಂದ ಅವು ಉಳಿದವು. ಅಲ್ಲಿಯ ಪುಟಚಿತ್ರಗಳನ್ನು ಯಂತ್ರ ಓದಿ ಪಠ್ಯವಾಗಿಸುವ ತಂತ್ರ ಈಗ ಸಾಕಷ್ಟು ಸುಧಾರಿಸಿದೆ. ಹೀಗಾಗಿ 1898ರಲ್ಲಿ ಕೆ.ಬಿ. ಪಾಠಕರು ಸಂಪಾದಿಸಿದ ಕವಿರಾಜಮಾರ್ಗದ ಮುದ್ರಿತ ಪುಟವನ್ನು ಇಂದಿನ ಗಣಕ ಓದಬಲ್ಲದು. 1998ರ ಫ್ಲಾಪಿಯೊಂದರ ಕನ್ನಡ ಕಡತವನ್ನು ಓದುವುದು ಅದಕ್ಕಿಂತ ಕಷ್ಟ.

ಗ್ರಂಥಾಲಯಗಳು, ಅಕಾಡೆಮಿಗಳು, ವಿಶ್ವವಿದ್ಯಾಲಯಗಳ ಪ್ರಸಾರಾಂಗಗಳು ತಮ್ಮಲ್ಲಿರುವ ಹಳೆಯ ಕಡತಗಳನ್ನು ಪರಿವರ್ತಿಸುವಾಗ ಮೂಲ ಕಡತವನ್ನು ಅಳಿಸದೆ, ಅದರ ಫಾಂಟನ್ನೂ ಜೊತೆಯಲ್ಲಿಟ್ಟು, ಯಾವ ತಂತ್ರಾಂಶದ ಯಾವ ಆವೃತ್ತಿಯಿಂದ ಪರಿವರ್ತಿಸಲಾಯಿತೆಂಬ ಟಿಪ್ಪಣಿಯನ್ನು ಬರೆದಿಡುವುದು ಅಗತ್ಯ. ಮುದ್ರಿತ ಪ್ರತಿಯೊಡನೆ ತಾಳೆನೋಡದ ಪರಿವರ್ತಿತ ಪಠ್ಯವನ್ನು ಶಾಸ್ತ್ರೀಯ ಆವೃತ್ತಿಯೆಂದು ಪರಿಗಣಿಸುವಂತಿಲ್ಲ. ಹಸ್ತಪ್ರತಿಶಾಸ್ತ್ರ ಪ್ರತಿಕಾರನ ದೋಷಗಳಿಗೆ ಅನ್ವಯಿಸುವ ಎಚ್ಚರವನ್ನೇ ಇಲ್ಲಿ ಯಂತ್ರದ ದೋಷಗಳಿಗೂ ಅನ್ವಯಿಸಬೇಕಾಗುತ್ತದೆ. ಇದಕ್ಕೆ ದೊಡ್ಡ ಯಂತ್ರಗಳು ಬೇಕಿಲ್ಲ, ಹಳಗನ್ನಡವನ್ನು ಓದಬಲ್ಲ ಕೆಲವರು ಬೇಕು. ಅಂಥವರ ನೇಮಕಕ್ಕೆ ಗಣಕೀಕರಣದ ಅಂದಾಜುಪಟ್ಟಿಗಳಲ್ಲಿ ಸಾಮಾನ್ಯವಾಗಿ ಬಾಬು ಇರುವುದಿಲ್ಲ.

ಶಾಸನ ಮತ್ತು ಪ್ರಾಚೀನ ಮುದ್ರಣಗಳ ಪಠ್ಯಕ್ಕೆ ಬೇಕಾದ ಚಿಹ್ನೆಗಳು ಮಾನಕಕ್ಕೆ ಈಗಲೂ ಸೇರುತ್ತಿವೆ. ನಕಾರಪೊಲ್ಲು 2021ರಲ್ಲಿ ಯೂನಿಕೋಡಿನ ಹದಿನಾಲ್ಕನೆಯ ಆವೃತ್ತಿಯಲ್ಲಿಯೂ, ಬಲಮೇಲೆ ಬರೆಯುವ ಅನುಸ್ವಾರದ ಒಂದು ರೂಪ 2022ರಲ್ಲಿ ಹದಿನೈದನೆಯ ಆವೃತ್ತಿಯಲ್ಲಿಯೂ ಸ್ಥಾನ ಪಡೆದವು. ಅವುಗಳನ್ನು ತೋರಿಸಬಲ್ಲ ಫಾಂಟುಗಳು ವಿರಳವಾದರೂ, ಈ ಬಾರಿ ಸಂಖ್ಯೆ ಮೊದಲು ಬಂದಿದೆ. ಆಕಾರ ಅದರ ಹಿಂದೆ ಬರಬೇಕಾಗಿದೆ.